ತೆಗೆಯುವವರು, ತೆಗೆಸಿಕೊಳ್ಳುವವರು

ಕೊಪ್ಪಳದಲ್ಲಿ ನಾವು ನಾಲ್ವರು ಗೆಳೆಯರು ಸೇರಿ ಒಂದು ಕ್ಯಾಮೆರಾ ಕೊಂಡೆವು. ಒಬ್ಬೊಬ್ಬರೇ ಕೊಳ್ಳುವ ತಾಕತ್ತು ಯಾರಿಗೂ ಇರಲಿಲ್ಲ ಎಂಬುದು ನಿಜವಾದ ಕಾರಣ. ಸುತ್ತಲಿನ ಊರುಗಳ ಜಾತ್ರೆ, ಉರುಸು, ಮೊಹರಂ, ಹಳೆಯ ಗುಡಿ, ಕಸುಬುದಾರರ ಬದುಕು ಎಲ್ಲವನ್ನೂ ದಾಖಲಿಸಬೇಕು ಎಂಬುದು ಮನೆಯವರಿಗೆ ಹೇಳಿದ ಕಾರಣ. ಎರಡನೆಯದೂ ಪೂರ್ತಿ ಸುಳ್ಳಲ್ಲ.

ಅಂಗಡಿಯ ಹುಡುಗ ಕೇಳಿದ ಮೊದಲ ಪ್ರಶ್ನೆ, "ಯಾತಕ್ಕ ಬೇಕಾಗಿತ್ರಿ ಸರ?" ನಾಲ್ವರೂ ಒಟ್ಟಿಗೆ ಬಾಯಿ ತೆರೆದೆವು. ನಾಲ್ಕು ಬೇರೆ ಬೇರೆ ಉತ್ತರಗಳು ಬಂದವು. ಗಂಗಾವತಿಯ ಗೆಳೆಯರಿಗೆ ಭತ್ತದ ವ್ಯಾಪಾರ, ಬಿಡುವಾದಾಗ ಹಕ್ಕಿ ಮತ್ತು ತೋಳದ ಹುಚ್ಚು. ಅವರಿಗೆ ದೂರದ್ದನ್ನು ಹತ್ತಿರ ತರುವ ದೊಡ್ಡ ಲೆನ್ಸ್ ಬೇಕು. ಯಲಬುರ್ಗಾದವರು ಗುಡಿ, ಶಾಸನಗಳ ಬೆನ್ನು ಹತ್ತಿದವರು. ಕುಷ್ಟಗಿಯ ಮಾಸ್ತರರಿಗೆ ಅಲಾಯಿ ಕುಣಿತ, ಭಜನೆ, ರಾತ್ರಿಯ ಕತ್ತಲಲ್ಲಿ ನಡೆಯುವುದೆಲ್ಲ ಬೇಕು. ಉಳಿದವರ ಮೋಹ ಮನುಷ್ಯರ ಮುಖ. ಹುಡುಗ ಸ್ವಲ್ಪ ಹೊತ್ತು ನೋಡಿ, "ಹಂಗಾದ್ರ ನಾಕು ಕ್ಯಾಮೆರಾ ಬೇಕ್ರಿ" ಎಂದ. ನಮ್ಮಲ್ಲಿ ಇದ್ದದ್ದು ಒಂದಕ್ಕೆ ಸಾಲುವ ಹಣ. ಕೊನೆಗೆ ಯಾರಿಗೂ ಪೂರ್ತಿ ಸಮಾಧಾನ ತರದ ಒಂದು ಮಧ್ಯಮ ದರ್ಜೆಯ ಯಂತ್ರ, ಒಂದು 35 ಮಿಲಿಮೀಟರ್ ಲೆನ್ಸ್, ಯಾರೋ ಬಳಸಿ ಮಾರಿದ ಒಂದು ಉದ್ದ ಲೆನ್ಸ್ ಹಿಡಿದುಕೊಂಡು ಬಂದೆವು.

ಆ ಕ್ಯಾಮೆರಾದ ತಲೆಯ ಮೇಲೆ ತಿರುಗಿಸುವ ಒಂದು ಚಕ್ರವಿದೆ. ಅದರಲ್ಲಿ ಸಿ-1, ಸಿ-2, ಸಿ-3 ಎಂಬ ಮೂರು ಮನೆಗಳು. ಬೇಕಾದ ಬಣ್ಣ, ಹೊಳಪು, ಶಟರಿನ ವೇಗ, ಫೋಕಸ್ಸಿನ ರೀತಿ ಎಲ್ಲವನ್ನೂ ಒಮ್ಮೆ ಹೊಂದಿಸಿ ಒಂದು ಮನೆಯಲ್ಲಿ ಇಟ್ಟುಬಿಟ್ಟರೆ, ಚಕ್ರ ತಿರುಗಿಸಿದ ಕೂಡಲೇ ಯಂತ್ರ ನಿಮ್ಮ ಸ್ವಭಾವಕ್ಕೆ ಬರುತ್ತದೆ. ತೋಳದವರು ಒಂದು ಮನೆ ಹಿಡಿದರು: ಸೆಕೆಂಡಿನ ಎರಡು ಸಾವಿರದ ಒಂದು ಭಾಗದ ವೇಗ, ಒಂದರ ಹಿಂದೊಂದು ಚಿತ್ರ. ಮಾಸ್ತರರು ಇನ್ನೊಂದು: ಕತ್ತಲಿಗೆ ಹೆಚ್ಚಿನ ಐಎಸ್ಒ, ಫ್ಲ್ಯಾಶ್ ಬಂದ್. ಕೆಂಡದ ಬೆಳಕನ್ನು ಯಂತ್ರ ಬಿಳಿ ಮಾಡಿಬಿಡದಂತೆ ವೈಟ್ ಬ್ಯಾಲೆನ್ಸನ್ನು ಬಿಸಿಲಿನ ಲೆಕ್ಕಕ್ಕೆ ಕಟ್ಟಿಹಾಕಿದರು. ಮುಖದ ಮೋಹಿಗಳು ಮೂರನೆಯ ಮನೆಯಲ್ಲಿ ಕಪ್ಪು-ಬಿಳುಪು ಇಟ್ಟರು. ಕಾಂಟ್ರಾಸ್ಟ್ ಜಾಸ್ತಿ, ಚರ್ಮದ ಗೆರೆಗಳು ಚಾಕುವಿನಲ್ಲಿ ಕೊರೆದಂತೆ ಕಾಣಬೇಕು. ದೊಡ್ಡ ದೊಡ್ಡ ಛಾಯಾಗ್ರಾಹಕರ ಪುಸ್ತಕಗಳನ್ನು ನೋಡಿ ಬೆಳೆಸಿಕೊಂಡ ರುಚಿ ಅದು. ಮನೆ ಮೂರೇ ಇದ್ದುದರಿಂದ ಗುಡಿಯವರ ಪಾಲಿಗೆ ಉಳಿದದ್ದು ಆಟೋ. "ನನಗ ಯಾವ ಹಟಾನೂ ಇಲ್ಲ ಬಿಡ್ರಿ, ಇದ್ದದ್ದು ಇದ್ಹಂಗ ಬಂದ್ರ ಸಾಕು" ಎಂದರು ಅವರು. ಹಟವಿಲ್ಲದ ಮನುಷ್ಯ ಎಂದು ನಾವೂ ಮೆಚ್ಚಿಕೊಂಡೆವು.

ಈ ಲೇಖನ ಶುರುವಾದದ್ದು ಅವರ ಆ ಮಾತಿನಿಂದ. ಇದ್ದದ್ದು ಇದ್ದ ಹಾಗೆ ಬರುವುದು ಎಂದರೇನು?

ಯಲಬುರ್ಗಾದ ಎರೆ ಹೊಲಗಳನ್ನು ನೋಡಿದವರಿಗೆ ಗೊತ್ತು. ಮಳೆ ಬಿದ್ದ ಮರುದಿನ ಆ ನೆಲ ಕಾಡಿಗೆಯಂತೆ ಇರುತ್ತದೆ. ಗುಡಿಯವರು ಅದನ್ನು ಆಟೋದಲ್ಲಿ ತೆಗೆದರು, ನೆಲ ಬೂದಿ ಬಣ್ಣಕ್ಕೆ ಬಂತು. ಅದೇ ಹೊಲದಲ್ಲಿ ಮುಂದೆ ಅರಳಿದ ಹತ್ತಿಯನ್ನು ಹತ್ತಿರದಿಂದ ತೆಗೆದರು, ಅದೂ ಬೂದಿ. ಯಂತ್ರ ಕೆಟ್ಟಿದೆ ಎಂದುಕೊಂಡೆವು. ಕೆಟ್ಟಿರಲಿಲ್ಲ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರು ಒಂದು ನಂಬಿಕೆಯ ಮೇಲೆ ನಿಂತಿದೆ: ಜಗತ್ತು ಸರಾಸರಿಯಲ್ಲಿ ನಡುಬೂದಿ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ 18 ಭಾಗವನ್ನು ಮರಳಿಸುವಂಥದ್ದು. ಎದುರಿಗೆ ಕಪ್ಪೇ ತುಂಬಿದ್ದರೆ ಅದು ಬೆಳಕು ಸಾಲದೆಂದು ಬಗೆದು ಕಪ್ಪನ್ನು ಮೇಲೆತ್ತುತ್ತದೆ, ಬಿಳಿಯೇ ತುಂಬಿದ್ದರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ. ಕಪ್ಪು ಕಪ್ಪಾಗಿಯೇ ಉಳಿಯಬೇಕಾದರೆ ತೆಗೆಯುವವರು ಎಕ್ಸ್‌ಪೋಷರ್ ಪಟ್ಟಿಯನ್ನು ಒಂದು ಹೆಜ್ಜೆ ಕೆಳಗೆ ಎಳೆಯಬೇಕು. ಅಂದರೆ ಎರೆ ನೆಲ ಎರೆ ನೆಲವೇ ಎಂದು ಸಾಕ್ಷಿ ಹೇಳಲು ಯಾರಾದರೂ ಒಬ್ಬರು ಯಂತ್ರದ ಎದುರು ಹಟ ಹಿಡಿಯಬೇಕು. ಹಟವಿಲ್ಲದ ನಮ್ಮ ಗೆಳೆಯರು ತಮಗೆ ಗೊತ್ತಿಲ್ಲದೆ ಎಲ್ಲಿಯೋ ಕುಳಿತ ಇಂಜಿನಿಯರರ ಹಟವನ್ನು ಒಪ್ಪಿಕೊಂಡಿದ್ದರು, ಅಷ್ಟೆ.

ಯಂತ್ರದೊಳಗೆ ಇನ್ನೂ ಇಳಿದರೆ ಸೋಜಿಗ ಹೆಚ್ಚುತ್ತದೆ. ಡಿಜಿಟಲ್ ಸೆನ್ಸರಿಗೆ ಹುಟ್ಟಿನಿಂದ ಬಣ್ಣವೇ ತಿಳಿಯದು, ಅದು ಬೆಳಕಿನ ಪ್ರಮಾಣವನ್ನಷ್ಟೇ ಎಣಿಸುತ್ತದೆ. ಕೊಡ್ಯಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವ್ಯವಸ್ಥೆಯಲ್ಲಿ ಪ್ರತಿ ಚುಕ್ಕಿಯ ಮೇಲೂ ಕೆಂಪು, ಹಸಿರು, ನೀಲಿಯ ಒಂದೊಂದು ಪುಟ್ಟ ಗಾಜು ಕೂರುತ್ತದೆ. ಅರ್ಧದಷ್ಟು ಹಸಿರು, ಉಳಿದರ್ಧ ಕೆಂಪು ಮತ್ತು ನೀಲಿ. ಹೀಗಾಗಿ ಯಾವ ಚುಕ್ಕಿಗೂ ಒಂದಕ್ಕಿಂತ ಹೆಚ್ಚು ಬಣ್ಣ ಗೊತ್ತಿರುವುದಿಲ್ಲ. ಮಿಕ್ಕ ಎರಡನ್ನು ಅಕ್ಕಪಕ್ಕದ ಚುಕ್ಕಿಗಳನ್ನು ಕೇಳಿ ಊಹಿಸಿಕೊಳ್ಳಬೇಕು. ಇಂದು ಬಳಕೆಯಲ್ಲಿರುವ ಬಹುಪಾಲು ಕ್ಯಾಮೆರಾ, ಫೋನುಗಳು ನಡೆಯುವುದು ಹೀಗೆಯೇ. ಆಮೇಲೆ ಆ ಊಹೆಯ ಮೇಲೆ ಕಂಪನಿಯ ರುಚಿ ಬೀಳುತ್ತದೆ: ಆಕಾಶ ಇಷ್ಟು ನೀಲಿ, ಹುಲ್ಲು ಇಷ್ಟು ಹಸಿರು, ಚರ್ಮ ಇಷ್ಟು ನಸುಗೆಂಪು. ರಾ ಎಂಬ ಕಚ್ಚಾ ಕಡತದಲ್ಲಿ 14 ಬಿಟ್ಟಿನ ಲೆಕ್ಕಕ್ಕೆ ಕಪ್ಪಿನಿಂದ ಬಿಳುಪಿನವರೆಗೆ 16,384 ಮೆಟ್ಟಿಲುಗಳಿದ್ದರೆ, ಕೈಗೆ ಬರುವ ಜೆಪೆಗ್ ಚಿತ್ರದಲ್ಲಿ ಉಳಿಯುವುದು ಬಣ್ಣಕ್ಕೆ 256. ಉಳಿದವನ್ನು ಯಾರೋ ಬೇಡವೆಂದು ತೀರ್ಮಾನಿಸಿದ್ದಾರೆ.

ಇಂಥ ತೀರ್ಮಾನಗಳ ಇತಿಹಾಸ ಅಷ್ಟು ನಿರಪಾಯಕಾರಿಯಲ್ಲ. ಫಿಲ್ಮಿನ ಕಾಲದಲ್ಲಿ ಬಣ್ಣ ಸರಿಯಾಗಿ ಬಂದಿದೆಯೇ ಎಂದು ನೋಡಲು ಕೊಡ್ಯಾಕ್ ತನ್ನ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಒಬ್ಬ ಬಿಳಿಯ ಹೆಣ್ಣುಮಗಳು. ಶರ್ಲಿ ಕಾರ್ಡ್ ಎಂದು ಅದಕ್ಕೆ ಹೆಸರು ಬಿತ್ತು. ಆಕೆಯ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ, ಕಪ್ಪು ಚರ್ಮದವರು ಕತ್ತಲಲ್ಲಿ ಮುಳುಗಿದರೆ ಅದು ಅವರ ಹಣೆಬರಹ. ಫಿಲ್ಮಿನಲ್ಲಿ ಕಂದು ಬಣ್ಣಗಳು ಸುಧಾರಿಸಿದ್ದಕ್ಕೆ ಒಂದು ಕಾರಣ, ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವವರು ತಮ್ಮ ಸರಕಿನ ಬಣ್ಣ ಸರಿಯಾಗಿ ಬರುತ್ತಿಲ್ಲವೆಂದು ದೂರು ಕೊಟ್ಟದ್ದು. ಮನುಷ್ಯರ ಮುಖದ ದೂರಿಗಿಂತ ಮೇಜಿನ ದೂರಿಗೆ ಬೆಲೆ ಬಂತು! ಹಲವು ಬಣ್ಣದ ಮುಖಗಳಿದ್ದ ಕಾರ್ಡು ಬರಲು 1990ರ ದಶಕ ಬೇಕಾಯಿತು. ಗೂಗಲ್ ತನ್ನ ಫೋನಿನಲ್ಲಿ ಕಪ್ಪು ಚರ್ಮವನ್ನು ಸರಿಯಾಗಿ ತೋರಿಸುವ ವ್ಯವಸ್ಥೆ ತಂದಿದ್ದೇವೆಂದು ಹೇಳಿಕೊಂಡದ್ದು 2021ರಲ್ಲಿ.

ಇದನ್ನೆಲ್ಲ ಓದಿಕೊಂಡ ಮೇಲೆ ನಮಗೆ ಸ್ವಲ್ಪ ಜಂಬ ಬಂತೆಂದೇ ಹೇಳಬೇಕು. ಕುಷ್ಟಗಿಯಲ್ಲಿ ನಮಗೆ ಪರಿಚಯದ ಸ್ಟುಡಿಯೋದವರೊಬ್ಬರಿದ್ದಾರೆ. ಮದುವೆ, ನಿಕಾಹ್, ಸೀಮಂತ, ಗೃಹಪ್ರವೇಶ ಎಲ್ಲಕ್ಕೂ ಅವರೇ. ಮದುಮಗಳ ಮುಖವನ್ನು ಕಂಪ್ಯೂಟರಿನಲ್ಲಿ ಹಾಲಿನಲ್ಲಿ ಅದ್ದಿ ತೆಗೆದಂತೆ ಬೆಳ್ಳಗೆ ಮಾಡಿ ಆಲ್ಬಂ ಕೊಡುತ್ತಾರೆ. ಕುತ್ತಿಗೆ ಒಂದು ಬಣ್ಣ, ಮುಖ ಇನ್ನೊಂದು. ನಾವು ಒಂದು ಸಂಜೆ ಅವರ ಅಂಗಡಿಯಲ್ಲಿ ಚಹಾ ಕುಡಿಯುತ್ತ ದೊಡ್ಡ ಉಪನ್ಯಾಸ ಮಾಡಿದೆವು. ನೀವು ನಮ್ಮ ಹೆಣ್ಣುಮಕ್ಕಳ ಬಣ್ಣವನ್ನೇ ಅವಮಾನ ಮಾಡುತ್ತಿದ್ದೀರಿ ಎಂದೆವು. ಅವರು ಸಿಟ್ಟಾಗಲಿಲ್ಲ. "ಬೆಳ್ಳಗ ಮಾಡದ ಇದ್ರ ಆಲ್ಬಂ ಒಯ್ಯಂಗಿಲ್ರಿ ಸರ, ಬಾಕಿ ರೊಕ್ಕಾನೂ ಕೊಡಂಗಿಲ್ಲ. ಅವರ ಮುಖ, ಅವರಿಗೆ ಹೆಂಗ ಬೇಕೋ ಹಂಗ. ನನಗೇನು?" ಎಂದರು. ಇದು ವ್ಯಾಪಾರಿಯ ಮಾತು ಎಂದುಕೊಂಡು ನಾವು ಎದ್ದು ಬಂದೆವು.

ಅದಾದ ಕೆಲವು ದಿನಗಳಲ್ಲಿ ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಕೂಲಿಗೆ ಹೋಗಿ ಬಂದು ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಅಜ್ಜಿಯನ್ನು ಕಂಡೆವು. ಸಂಜೆಯ ಬೆಳಕು ಅಡ್ಡ ಬಿದ್ದಿತ್ತು. ಚಕ್ರವನ್ನು ಮೂರನೆಯ ಮನೆಗೆ ತಿರುಗಿಸಿ ಏಳೆಂಟು ಚಿತ್ರ ತೆಗೆದೆವು. ಕೇಳಿದ್ದೆವು, ಅಜ್ಜಿ ಹೂಂ ಎಂದಿದ್ದಳು. ಅದರಲ್ಲೊಂದು ನಾವು ಅದುವರೆಗೆ ತೆಗೆದ ಎಲ್ಲ ಚಿತ್ರಗಳಲ್ಲಿ ಉತ್ತಮವೆಂದು ನಾಲ್ವರೂ ಒಪ್ಪಿದೆವು. ನೋಡಿದವರೆಲ್ಲ ಹೊಗಳಿದರು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಂದು ಪ್ರತಿಯನ್ನು ಅಜ್ಜಿಗೇ ಕೊಡಲು ಹೋದೆವು. ಆಕೆ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಯಾಕಪಾ, ನನ್ನ ಇಷ್ಟ್ಯಾಕ ಮುದುಕಿ ಮಾಡೀರಿ?"

ನಾವು ಏನೋ ಸಮಜಾಯಿಷಿ ಹೇಳಿದೆವು. ನಿಮ್ಮ ಮುಖದಲ್ಲಿ ದುಡಿಮೆ ಕಾಣುತ್ತದೆ ಅವ್ವಾ, ಬದುಕು ಕಾಣುತ್ತದೆ ಎಂದೆವು. "ದುಡಿಮಿ ಕಾಣತೈತಿ, ಹೌದು. ನಾ ಕಾಣವಲ್ಲೆ" ಎಂದಳು. ಆಮೇಲೆ, "ಮೂಗುತೀನೂ ಕಾಣವಲ್ದು" ಎಂದು ಸೇರಿಸಿದಳು. ನೋಡಿದರೆ ನಿಜ. ಕಡುಗಪ್ಪು ನೆರಳಿನಲ್ಲಿ ಮೂಗಿನ ಆ ಬದಿ ಪೂರ್ತಿ ಮುಳುಗಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಸ್ಟುಡಿಯೋದವರು ಮುಖಕ್ಕೆ ಬಿಳುಪು ಬಳಿದಿದ್ದರು, ನಾವು ಕಪ್ಪು ಬಳಿದಿದ್ದೆವು. ಅವರು ಕೇಳಿ ಬಳಿದಿದ್ದರು, ನಾವು ಕೇಳದೆ. ಮದುಮಗಳ ಆಸೆಯ ಹಿಂದೆ ಬೆಳ್ಳಗಿನ ಬಣ್ಣವೇ ಚೆಂದವೆನ್ನುವ ಸಮಾಜದ ಒತ್ತಾಯವಿದೆ ಎಂದು ನಾವು ಅಂದು ವಾದಿಸಿದ್ದೆವು, ಈಗಲೂ ಆ ವಾದ ತಪ್ಪೆಂದು ಅನ್ನಿಸಿಲ್ಲ. ಆದರೆ ಬಡವರ ಮುಖ ಬಿರುಕು ಬಿಟ್ಟ ನೆಲದಂತೆ ಕಂಡರೇನೇ ಕಲೆ ಎಂಬ ನಮ್ಮ ರುಚಿ ಎಲ್ಲಿಂದ ಬಂತು? ಅದೂ ಯಾವುದೋ ಒಂದು ಶರ್ಲಿ ಕಾರ್ಡೇ ಅಲ್ಲವೆ?

ಕನ್ನಡದಲ್ಲಿ ಫೋಟೋಕ್ಕೆ ಎರಡು ಕ್ರಿಯಾಪದಗಳಿವೆ. ಒಂದು ತೆಗೆಯುವುದು, ಇನ್ನೊಂದು ತೆಗೆಸಿಕೊಳ್ಳುವುದು. ನಮ್ಮ ಹಿರಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ವರ್ಷಕ್ಕೋ ಹತ್ತು ವರ್ಷಕ್ಕೋ ಒಮ್ಮೆ ಪೇಟೆಗೆ ಹೋಗಿ, ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಪರದೆಯ ಮುಂದೆ ಕುರ್ಚಿಯ ಹಿಡಿಗೆ ಕೈಯಿಟ್ಟು ಕೂರುತ್ತಿದ್ದರು. ಆ ವಾಕ್ಯದಲ್ಲಿ ಕರ್ತೃ ಅವರೇ. ಸ್ಟುಡಿಯೋದವನು ಹೊಲಿಗೆಯವನಂತೆ, ಕ್ಷೌರಿಕನಂತೆ ಅವರ ಕೆಲಸ ಮಾಡಿಕೊಡುವವನು. ಆ ಬಿಗಿದ ಮುಖಗಳನ್ನು ನೋಡಿ ನಗುತ್ತ ಬೆಳೆದ ನಾವು ಈಗ ಊರೂರು ತಿರುಗಿ ಫೋಟೋ ತೆಗೆಯುತ್ತೇವೆ. ಎದುರಿಗಿದ್ದವರು ವಾಕ್ಯದಲ್ಲಿ ಕರ್ಮವಾಗಿ ಹೋಗಿದ್ದಾರೆ. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಅವರು ತೆಗೆದ ಸಾಮಾನ್ಯರ ಚಿತ್ರಗಳನ್ನು ಮತ್ತೆ ತೆಗೆದು ನೋಡಿದೆವು. ಅಲ್ಲಿಯ ಮಕ್ಕಳು, ಕೆಲಸಗಾರರು ತೆಗೆಯುವವರ ಕೈಗೆ ಪೂರ್ತಿ ಸಿಕ್ಕಿಬಿದ್ದಿಲ್ಲ, ಅವರ ಪಾಡಿಗೆ ಅವರಿದ್ದಾರೆ ಎಂದು ನಮಗೆ ಅನ್ನಿಸುತ್ತದೆ. ಇದಕ್ಕೆ ಯಾವ ಸೆಟ್ಟಿಂಗ್ ಎಂದು ಹುಡುಕಿದರೆ ಸಿಗುವುದಿಲ್ಲ.

ನಮ್ಮಲ್ಲಿ ಕೆಲವರ ಮನೆಗಳಲ್ಲಿ ಚಿತ್ರದ ಬಗ್ಗೆ ಬೇರೆಯೇ ಒಂದು ಸಂಕೋಚ ಇತ್ತು, ಈಗಲೂ ಅಲ್ಲಲ್ಲಿ ಇದೆ. ಜೀವವಿರುವುದರ ರೂಪ ಮಾಡುವುದು ಸರಿಯೇ ಎಂಬ ಪ್ರಶ್ನೆ ಅದು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು, ಕ್ಯಾಮೆರಾ ರೂಪವನ್ನು ಸೃಷ್ಟಿಸುವುದಿಲ್ಲ, ಇರುವ ನೆರಳನ್ನು ಹಿಡಿದಿಡುತ್ತದೆ, ಅದು ಕನ್ನಡಿಯಂಥದ್ದು ಎಂದು ವಾದಿಸಿ ಫೋಟೋಕ್ಕೆ ಒಪ್ಪಿಗೆ ಕೊಟ್ಟರು. ಒಪ್ಪದ ಉಲೆಮಾಗಳೂ ಇದ್ದರು, ವಿಶೇಷವಾಗಿ ನಮ್ಮ ದೇಶದಲ್ಲಿ. ಆ ಫಿಕ್ಹಿನ ಚರ್ಚೆಗೆ ನಾವು ಕೈ ಹಾಕುವುದಿಲ್ಲ. ಆದರೆ ಕನ್ನಡಿಯ ಹೋಲಿಕೆ ನಮ್ಮನ್ನು ಕಾಡುತ್ತದೆ. ಉರ್ದುವಿನಲ್ಲಿ ಫೋಟೋ ತೆಗೆಯುವುದಕ್ಕೆ ಅಕ್ಕಾಸಿ ಎನ್ನುತ್ತಾರೆ. ಅಕ್ಸ್ ಎಂದರೆ ಪ್ರತಿಬಿಂಬ. ಕನ್ನಡದ ಛಾಯಾಚಿತ್ರದಲ್ಲಿ ಇರುವುದು ಛಾಯೆ, ನೆರಳು. ಎರಡೂ ಭಾಷೆಗಳು ಇದನ್ನು ಕನ್ನಡಿಯ ಕುಲಕ್ಕೇ ಸೇರಿಸಿವೆ. ಗಲ್ಲದ ಕುಳಿ ತುಂಬಿ, ಚರ್ಮ ತಿಳಿಯಾಗಿಸಿ, ಕಣ್ಣು ಹಿಗ್ಗಿಸಿ ಕೊಡುವ ಇಂದಿನ ಫೋನು ಕನ್ನಡಿಯಲ್ಲ, ಅದು ಚಿತ್ರ ಬರೆಯುತ್ತಿದೆ. ಮೂರನೆಯ ಮನೆಗೆ ಚಕ್ರ ತಿರುಗಿಸಿದಾಗ ನಮ್ಮ ಕೈಯಲ್ಲಿದ್ದದ್ದೂ ಕನ್ನಡಿಯಲ್ಲ. ಹಾಗಾದರೆ ಹಿಂದೆ ಅನುಮಾನಪಟ್ಟವರ ಅನುಮಾನದಲ್ಲಿ ಏನೋ ತಿರುಳಿತ್ತು: ಇನ್ನೊಬ್ಬರ ರೂಪವನ್ನು ಮಾಡುವ ಅಧಿಕಾರ ಸಣ್ಣದಲ್ಲ.

ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ತೀರಿಕೊಂಡ ಇಬ್ನ್ ಅಲ್ ಹೈಸಮ್, ಕತ್ತಲ ಕೋಣೆಯ ಸಣ್ಣ ರಂಧ್ರದಿಂದ ಬೆಳಕು ಬರುವುದನ್ನು ಪರೀಕ್ಷಿಸಿದವರು. ವಸ್ತುಗಳಿಂದ ಬೆಳಕು ಕಣ್ಣಿಗೆ ಬರುತ್ತದೆ, ಕಣ್ಣಿನಿಂದ ಹೊರಟು ಹೋಗುವುದಿಲ್ಲ ಎಂದು ತೋರಿಸಿದ್ದರಿಂದ ಅವರ ಹೆಸರು ಕ್ಯಾಮೆರಾದ ಕಥೆಯಲ್ಲಿ ಬರುತ್ತದೆ. ಆದರೆ ಅವರ 'ಕಿತಾಬುಲ್ ಮನಾಝಿರ್' ಅಷ್ಟಕ್ಕೇ ನಿಲ್ಲುವುದಿಲ್ಲ. ಬೆಳಕು ಬಂದರೆ ಸಾಲದು, ನೋಟ ಪೂರ್ತಿಯಾಗುವುದು ಹಿಂದೆ ಕಂಡದ್ದರ ನೆನಪು, ಹೋಲಿಕೆ, ತೀರ್ಮಾನ ಸೇರಿದಾಗ. ಆದ್ದರಿಂದಲೇ ನೋಟ ತಪ್ಪೂ ಆಗಬಲ್ಲದು ಎಂಬುದನ್ನು ಅವರು ವಿವರವಾಗಿ ಚರ್ಚಿಸಿದ್ದಾರೆ. ಕತ್ತಲ ಕೋಣೆಯನ್ನು ನಾವು ಕೊಂಡು ತಂದೆವು, ತೀರ್ಮಾನದ ಹೊಣೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದೆವು.

ಲೆನ್ಸಿನ ವಿಷಯದಲ್ಲೂ ಜಗಳವಾಯಿತು. ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡಿನಲ್ಲಿ ತೋಳಗಳಿವೆ, ಈಗ ಅದನ್ನು ತೋಳಧಾಮವೆಂದು ಗುರುತಿಸಿದ್ದಾರೆ. ಮರಿ ಹಾಕಿದ ತೋಳದ ಹತ್ತಿರ ಹೋಗಬಾರದು, ಹೋದರೆ ತಾಯಿ ಗೂಡು ಬಿಟ್ಟು ಹೋಗಬಹುದು. ಅಲ್ಲಿ ಉದ್ದ ಲೆನ್ಸು ಮರ್ಯಾದೆಯ ಸಾಧನ: ದೂರ ನಿಂತು, ಸದ್ದಿಲ್ಲದ ಶಟರಿನಲ್ಲಿ, ಬಂದದ್ದೂ ಗೊತ್ತಾಗದಂತೆ ತೆಗೆದು ಬರುವುದೇ ಸಭ್ಯತೆ. ಅದೇ ಲೆನ್ಸನ್ನು ಕೊಪ್ಪಳದ ಗವಿಮಠದ ಜಾತ್ರೆಗೆ ಒಯ್ದು, ದೂರದ ಕಟ್ಟೆಯಿಂದ ಊಟಕ್ಕೆ ಕುಳಿತವರ ಮುಖಗಳನ್ನು ಎಳೆದುಕೊಂಡರೆ ಅದು ಕದ್ದು ನೋಡುವುದು. ಪ್ರಾಣಿಗೆ ಯಾವುದು ಗೌರವವೋ ಮನುಷ್ಯನಿಗೆ ಅದೇ ಅಗೌರವ. ಶಟರಿನ ಕಟ್ ಎಂಬ ಸದ್ದು ತೆಗೆಸಿಕೊಂಡವರಿಗೆ ತಲುಪುವ ರಸೀದಿ ಇದ್ದಂತೆ. ದಕ್ಷಿಣ ಕೊರಿಯಾ, ಜಪಾನುಗಳಲ್ಲಿ ಮಾರುವ ಫೋನುಗಳ ಕ್ಯಾಮೆರಾ ಸದ್ದನ್ನು ಬಳಸುವವರು ಬಂದ್ ಮಾಡಲಾಗದಂತೆ ಮಾಡಿದ್ದು ಸುಮ್ಮನಲ್ಲ, ಹೆಣ್ಣುಮಕ್ಕಳ ಚಿತ್ರ ಕದಿಯುವುದನ್ನು ತಡೆಯಲು.

ಉದ್ದ ಲೆನ್ಸಿಗೆ ಇನ್ನೊಂದು ಚಾಳಿ ಇದೆ. ದೂರದಿಂದ ತೆಗೆದದ್ದರಲ್ಲಿ ಹಿಂದಿನವರು ಮುಂದಿನವರು ಒಬ್ಬರ ಮೇಲೊಬ್ಬರು ಬಿದ್ದಂತೆ ಕಾಣುತ್ತಾರೆ. 2020ರ ಏಪ್ರಿಲ್‌ನಲ್ಲಿ ಡೆನ್ಮಾರ್ಕಿನ ಇಬ್ಬರು ಪತ್ರಿಕಾ ಛಾಯಾಗ್ರಾಹಕರು ಒಂದೇ ಜಾಗದ ಒಂದೇ ಜನರನ್ನು ಎರಡು ಲೆನ್ಸುಗಳಲ್ಲಿ ತೆಗೆದು ತೋರಿಸಿದರು. ಒಂದರಲ್ಲಿ ಜನ ಕೊರೊನಾ ನಿಯಮದಂತೆ ದೂರ ದೂರ ನಿಂತಿದ್ದರು, ಇನ್ನೊಂದರಲ್ಲಿ ಸಂತೆಯಂತೆ ಮುಗಿಬಿದ್ದಿದ್ದರು. ಆ ವರ್ಷ ಯಾವ ಕೇರಿಯ, ಯಾವ ಸಮುದಾಯದ ಜನ ರೋಗ ಹರಡುತ್ತಿದ್ದಾರೆಂಬ ಮಾತು ನಮ್ಮಲ್ಲಿ ಹೇಗೆ ಓಡಾಡಿತೆಂಬುದನ್ನು ನೆನೆದರೆ, ಲೆನ್ಸಿನ ಆಯ್ಕೆ ಬರೀ ಇಷ್ಟಾನಿಷ್ಟದ ವಿಷಯವಲ್ಲವೆಂದು ಯಾರಿಗೂ ಹೊಳೆಯುತ್ತದೆ.

ಇಷ್ಟು ಹೇಳಿದ ಮೇಲೆ ಮಾಸ್ತರರು ಎತ್ತಿದ ಆಕ್ಷೇಪವನ್ನೂ ಹೇಳಬೇಕು. ತೆಗೆಸಿಕೊಳ್ಳುವವರ ಇಷ್ಟವೇ ಕಾನೂನಾದರೆ ಸತ್ಯದ ಗತಿಯೇನು? ಗಿಣಿಗೇರಿ ಸುತ್ತಿನ ಹೊಲಗಳಲ್ಲಿ ಬೆಳೆಯ ಮೇಲೆ ಕಾರ್ಖಾನೆಗಳ ಕಪ್ಪು ಧೂಳು ಕೂರುತ್ತದೆಂಬುದು ರೈತರ ಬಹುದಿನದ ದೂರು. ಕಾರ್ಖಾನೆಯವರನ್ನು ಕೇಳಿದರೆ ಹಸಿರು ಕಾಣುವ ಹಾಗೆ ತೆಗೆಯಿರಿ ಎನ್ನುತ್ತಾರೆ, ಕೇಳಬೇಕೆ? ಕೇಳಬಾರದು. ವಿವಿಡ್ ಎಂಬ ಸೆಟ್ಟಿಂಗಿನಲ್ಲಿ ಆ ಎಲೆಗಳನ್ನು ತೆಗೆದರೆ ಧೂಳಿನ ಮಧ್ಯೆಯೂ ಹಸಿರು ಉಕ್ಕುತ್ತದೆ, ಅದು ಸುಳ್ಳು ಸಾಕ್ಷಿ. ಅಧಿಕಾರ ಇದ್ದವರ ಮುಖಕ್ಕೂ ಕಟ್ಟೆಯ ಮೇಲಿನ ಅಜ್ಜಿಯ ಮುಖಕ್ಕೂ ಒಂದೇ ನ್ಯಾಯ ಸಲ್ಲದು ಎಂಬಲ್ಲಿಗೆ ನಮ್ಮ ಚರ್ಚೆ ಬಂದು ನಿಂತಿತು. ತನ್ನ ರೂಪವನ್ನು ತಾನೇ ಎಲ್ಲೆಡೆ ಹರಡಬಲ್ಲವರಿಗೆ ನಮ್ಮ ಕ್ಯಾಮೆರಾದ ಉಪಕಾರ ಬೇಕಿಲ್ಲ. ಆಧಾರ್ ಕಾರ್ಡಿನ ಚಿತ್ರ ಬಿಟ್ಟರೆ ಬೇರೊಂದು ಇಲ್ಲದವರ ಮಾತು ಬೇರೆ. ಈ ಗೆರೆ ಎಲ್ಲ ಸಂದರ್ಭದಲ್ಲೂ ಇಷ್ಟು ಸ್ಪಷ್ಟವಾಗಿರುತ್ತದೆಂದು ನಾವು ಹೇಳಲಾರೆವು.

ಗುಡಿಯವರು ಈಗ ಆಟೋ ಬಿಟ್ಟಿದ್ದಾರೆ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿದ ಇಟಗಿಯಲ್ಲಿ, 1112ರ ಮಹಾದೇವ ಗುಡಿಯ ಕಂಬಗಳ ನಡುವಿನ ಕತ್ತಲನ್ನು ಕತ್ತಲಾಗಿಯೇ ಉಳಿಸಲು ಅವರು ಅರ್ಧ ದಿನ ಕೂರುತ್ತಾರೆ. ಹಂಪಿ, ಆನೆಗೊಂದಿ ಎಂದರೆ ಅವರು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯ ಕಥೆ ತೆಗೆಯುತ್ತಾರೆ. ಆತ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ತೆಗೆದವನು. ಆ ಕಾಗದಕ್ಕೆ ಬೆಳಕು ಬಹಳ ಹೊತ್ತು ಬೇಕಿತ್ತು. ಕಲ್ಲು ನಿಂತೇ ಇರುತ್ತಿತ್ತು, ನಡೆದು ಹೋದವರು ಮೂಡುತ್ತಲೇ ಇರಲಿಲ್ಲ. ಆ ಕಾಲದ ಹಾಳು ಹಂಪಿ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಕೂತದ್ದರಲ್ಲಿ ಇಂಥ ಕಾಗದದ ಪಾಲೆಷ್ಟು ಎಂದು ಅವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಬೇರೆ ಲೇಖನಕ್ಕೆ ಇರಲಿ.

ಅಜ್ಜಿಯ ಬಳಿಗೆ ಮತ್ತೆ ಹೋದೆವು. ಈ ಸಲ, ಹೆಂಗ ತಗಸ್ಕೋತೀರಿ ಅವ್ವಾ ಎಂದು ಕೇಳಿದೆವು. ನಾಳೆ ಬರ್ರಿ ಎಂದಳು. ಮರುದಿನ ಟ್ರಂಕಿನಲ್ಲಿದ್ದ ಇಳಕಲ್ಲ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಬಾಗಿಲ ಪಕ್ಕ ನೆಟ್ಟಗೆ ನಿಂತಳು. ನಗಲಿಲ್ಲ. ಮಧ್ಯಾಹ್ನದ ಚಪ್ಪಟೆ ನೆರಳು, 35ರ ಲೆನ್ಸು, ಬಣ್ಣ ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಚರ್ಮ ತಿಳಿಯಾಗದಂತೆ ಎಕ್ಸ್‌ಪೋಷರ್ ಸ್ವಲ್ಪ ಕೆಳಗೆ. ಕಲೆಯ ದೃಷ್ಟಿಯಿಂದ ಅದರಲ್ಲಿ ಏನೂ ಇಲ್ಲ, ಯಾವ ಸ್ಪರ್ಧೆಗೂ ಕಳಿಸಲಾಗದು. ಅಜ್ಜಿ ಅದಕ್ಕೆ ಕಟ್ಟು ಹಾಕಿಸಿ ದೇವರ ಜಗಲಿಯ ಮೇಲಿನ ಮೊಳೆಗೆ ತೂಗಿದಳು. ಮೂರನೆಯ ಮನೆಯ ಕಪ್ಪು-ಬಿಳುಪನ್ನು ಅಳಿಸಬೇಕೆಂದು ನಮ್ಮಲ್ಲಿಬ್ಬರು, ಬೇಡವೆಂದು ಇಬ್ಬರು. ಅದು ಇನ್ನೂ ಅಲ್ಲೇ ಇದೆ.

ಕಳೆದ ಸಲ ಆ ಊರಿಗೆ ಹೋದಾಗ ಮೊಮ್ಮಗಳು ಫೋನು ಹಿಡಿದು ಬಂದಳು. ಕಾಲೇಜಿಗೆ ಹೋಗುವ ಹುಡುಗಿ. ಗೋಡೆಯ ಮೇಲಿನ ಫೋಟೋವನ್ನು ಫೋನಿನಲ್ಲಿ ತೆಗೆದು, ಯಾವುದೋ ಆ್ಯಪಿನಲ್ಲಿ ತಿದ್ದಿ ಸ್ಟೇಟಸ್ ಇಟ್ಟಿದ್ದಳು. ಅಜ್ಜಿ ಬೆಳ್ಳಗಾಗಿದ್ದಳು, ಕೆನ್ನೆ ನುಣ್ಣಗೆ, ಗೆರೆ ಒಂದೂ ಇಲ್ಲ. "ನೋಡಬೇ, ಎಷ್ಟ್ ಚಲೋ ಕಾಣತೀದಿ" ಎಂದು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಫೋನನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಆಮೇಲೆ ಮೂಗನ್ನೊಮ್ಮೆ ಮುಟ್ಟಿಕೊಂಡಳು.

"ಚಲೋ ಐತಿ. ಮೂಗುತಿ ಎಲ್ಲಿ ಹೋತ ಬೇ?"